ಬೋಂಡನ ಚೀಟಿ

ಗರುಡಾಚಾರ್‌ಪಾಳ್ಯ
19 ಆಗಸ್ಟ್ 2025, ಮಂಗಳವಾರ

ಪ್ರೀತಿಯ ಯಮುನಾ,

ಹೇಗಿದ್ದೀಯ? ಕಾಗದ ತಡವಾಯಿತು, ಸಾರಿ. ಇಂಟರ್ನಲ್ಸ್ ಇತ್ತು ಅಂತ ಬರೆಯಬಹುದು, ಆದರೆ ಅದಲ್ಲ. ನಾಲ್ಕು ಸಲ ಶುರುಮಾಡಿ ಹರಿದೆ. ಹತ್ತು ವರ್ಷ ಹಾಸ್ಟೆಲ್‌ನಿಂದ ಮನೆಗೆ ಬರೆದವನು ನಾನು. ಈಗ ನೀನು ನನ್ನ ಟ್ರಂಕನ್ನೇ ತೆಗೆದುಕೊಂಡು ಅಲ್ಲಿಗೆ ಹೋಗಿದ್ದೀಯ. ಮನೆಯಿಂದ ಹಾಸ್ಟೆಲ್‌ಗೆ ಹೇಗೆ ಬರೆಯಬೇಕೋ ಗೊತ್ತಾಗುತ್ತಿಲ್ಲ.

ಭಾನುವಾರ ವಾರ್ಡನ್ ಫೋನಿಂದ ನೀನು ಕೇಳಿದಾಗ "ಬೋಂಡ ಮಲಗಿದಾನೆ" ಅಂದೆನಲ್ಲ, ಸುಳ್ಳು. ನಿನ್ನ ಆಮೆಗೆ ಹುಷಾರಿಲ್ಲ. ಅಮ್ಮ "ಅವಳಿಗೆ ಹೇಳ್ಬೇಡ, ಓದೋಕಾಗಲ್ಲ" ಅಂದಳು. ಆದರೆ ಅಲ್ಲಿದ್ದಾಗ ನನಗೂ ಎಲ್ಲವೂ ಆಮೇಲೇ ತಿಳಿಯುತ್ತಿತ್ತು. ಅದು ಹೇಗಿರುತ್ತದೆಂದು ಗೊತ್ತು.

ಹೋದ ಗುರುವಾರ ಸಂಪಿನ ನೀರಿನಲ್ಲಿ ಹುಳ ಕಾಣಿಸಿತು. "ನಮ್ ತೋಟದ ಬಾವೀಲಿ ಆಮೆ ಇತ್ತು ಕಣ್ಲಾ, ನೀರು ಕನ್ನಡಿ ಇದ್ದಂಗಿರೋದು" ಎಂದು ತಾತ ಬೋಂಡನನ್ನು ಸಂಪಿಗೆ ಬಿಟ್ಟರು. ಅರ್ಧ ಗಂಟೆಯ ಮೇಲೆ ಅಜ್ಜಿ ಬಕೆಟ್ ಇಳಿಸಿದಾಗ ತಳದಲ್ಲಿ ಕಂಡ. ಮೇಲೆತ್ತಿದರೆ ಮೂಗಿನಿಂದ ನೀರು. "ಆ ಬಾವಿ ಮುಚ್ಚಿ ಇಪ್ಪತ್ ವರ್ಷ ಆಯ್ತು, ನೀವಿನ್ನೂ ಅದ್ರೊಳ್ಗೇ ಕುಂತಿದ್ದೀರ!" ಎಂದು ಅಜ್ಜಿ ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ತಾತ ತಮ್ಮ ಟವೆಲ್‌ನಿಂದ ಬೋಂಡನನ್ನು ಒರೆಸುತ್ತಾ ಕೂತರು.

ಶೂ ಡಬ್ಬಿಯಲ್ಲಿಟ್ಟುಕೊಂಡು ಹಲಸೂರಿನ ಪ್ರಾಣಿಗಳ ಡಾಕ್ಟರ ಹತ್ತಿರ ಹೋದೆ. "ಎಲ್ಲಾ ಆಮೆನೂ ನೀರಿನದ್ದಲ್ಲ ಕಣಪ್ಪಾ. ಇದು ನಕ್ಷತ್ರದ ಆಮೆ, ನೆಲದ್ದು. ಮನೇಲಿ ಸಾಕೋ ಹಾಗೇ ಇಲ್ಲ, ಗೊತ್ತಾ? ಲಂಗ್ಸಿಗೆ ನೀರು ಹೋಗಿದೆ. ಫಾರೆಸ್ಟ್‌ನೋರಿಗೆ ಹೇಳು, ಅವರ ಹತ್ರ ಉಳಿದ್ರೂ ಉಳೀಬಹುದು" ಅಂದರು.

ಅವನಿಗಿಷ್ಟದ ದಾಸವಾಳ ಬಾಯಿ ಹತ್ತಿರ ಹಿಡಿದೆ. ನಿನ್ನ ಹಾಗೆ "ಬಾರೋ ಬೋಂಡಾ" ಅಂತಲೂ ಕರೆದೆ. ಕಣ್ಣು ಬಿಡಲಿಲ್ಲ. ಫಾರೆಸ್ಟ್‌ನವರಿಗೆ ಫೋನ್ ಮಾಡಿದ್ದೇನೆ, ನಾಳೆ ಬೆಳಿಗ್ಗೆ ಬರುತ್ತಾರೆ. ಕೊಟ್ಟರೆ ಮತ್ತೆ ವಾಪಸ್ ಕೊಡುವುದಿಲ್ಲ, ಕೊಡದಿದ್ದರೆ ಉಳಿಯುವುದಿಲ್ಲ. ಈ ಕಾಗದ ನಿನಗೆ ಸಿಗುವ ಮೊದಲೇ ಹೋಗಿರುತ್ತಾನೆ. ನಿನ್ನನ್ನು ಕೇಳದೆ ಕೊಡುತ್ತಿದ್ದೇನೆ. ಇನ್ನೇನು ಮಾಡಲಿ, ಹೇಳು.

ಊಟದ ಸಾಲಿನಲ್ಲಿ ಮುಂದೆ ನಿಂತುಕೋ, ಕೊನೆಯವರಿಗೆ ಸಾರು ಬರೀ ನೀರು. ಅಳಬೇಕೆನಿಸಿದರೆ ಬಟ್ಟೆ ಒಣಹಾಕುವ ಟೆರೇಸಿಗೆ ಹೋಗು, ಯಾರೂ ಬರುವುದಿಲ್ಲ. ಚೆನ್ನಾಗಿರು ಪುಟ್ಟಿ.

ನಿನ್ನ ಅಣ್ಣ,
ಮುನಿರಾಜ್

ಮರೆತಿದ್ದು: ಮರೆತಿರಲಿಲ್ಲ. ಸಂಪಿನ ಮುಚ್ಚಳ ತೆಗೆದು ತಾತ ನನ್ನನ್ನು ಕೇಳಿದ್ದರು: "ಮಗು ಹಾಸ್ಟೆಲ್‌ಗೆ ಹೋಗೋವಾಗ ಏನೋ ಚೀಟಿ ಕೊಟ್ಟಿತ್ತಲ್ಲ, ನೋಡ್ಲಾ, ಬಿಡಬೋದಾ?" ನಾನು ಮೊಬೈಲ್‌ನಿಂದ ತಲೆ ಎತ್ತದೆ "ನೋಡಿದೀನಿ ತಾತ, ಬಿಡಿ, ಆಮೆ ಅಲ್ವಾ" ಅಂದೆ. ನೋಡಿರಲಿಲ್ಲ. "ನಾನೇ ಬಿಟ್ಟೆ ಅಂತ ಬರಿ, ನನ್ ಮೇಲಾದ್ರೆ ಅವ್ಳು ಬೇಗ ಕೋಪ ಮರೀತಾಳೆ" ಎಂದು ಇವತ್ತು ತಾತನೇ ಹೇಳಿದರು. ಮೇಲೆ ಹಾಗೇ ಬರೆದಿದ್ದೇನೆ.

ಚೀಟಿ ನನ್ನ ಕೆಮಿಸ್ಟ್ರಿ ಪುಸ್ತಕದೊಳಗೆ ಮಡಿಸಿದ ಹಾಗೇ ಇತ್ತು. ಈಗ ಓದಿದೆ. ಮೂರನೇ ಸಾಲಿಗೆ ನೀನು ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದಿದ್ದೀಯ: "ಅಣ್ಣಾ, ಬೋಂಡಂಗೆ ಈಜಕ್ಕೆ ಬರಲ್ಲ."