ಕೊರಳಪಟ್ಟಿಯ ಒಳಗಿನ ಹೆಸರು

ಬಳ್ಳಾರಿ
ಜಯನಾಮ ಸಂವತ್ಸರ, ಮಾರ್ಗಶಿರ ಮಾಸ
ಇಂಗ್ಲಿಷ್ ತಾರೀಖು ೮ನೇ ಡಿಸೆಂಬರ್ ೧೮೯೪

ಚಿರಂಜೀವಿ ಸೌಭಾಗ್ಯವತಿ ಮಗಳು ಅಂಬುಜಾಳಿಗೆ,

ನಿನ್ನ ತಂದೆಯ ಆಶೀರ್ವಾದ. ಮದರಾಸಿನ ನೀರು ಒಗ್ಗಿತೆ? ಹೊಲಿಗೆ ಯಂತ್ರ ತುಳಿದು ತುಳಿದು ಮೊಣಕಾಲು ಹಿಡಿದಿದೆ ಎಂದು ಬರೆದಿದ್ದೆಯಲ್ಲ, ಈಗ ಹೇಗಿದೆ? ಹರಳೆಣ್ಣೆ ಬಿಸಿ ಮಾಡಿ ತಿಕ್ಕು. ವಾಸನೆಗೆ ಮೂಗು ಮುಚ್ಚಿಕೊಳ್ಳಬೇಡಿ ಎಂದು ಅಳಿಯಂದಿರು ಪ್ರಾಣೇಶರಾಯರಿಗೆ ನಾನು ಹೇಳಿದೆನೆಂದು ಹೇಳು. ಇಲ್ಲಿ ನಾನೂ ನಿನ್ನ ಸೋದರತ್ತೆ ಪದ್ಮಕ್ಕನೂ ಕ್ಷೇಮವಾಗಿದ್ದೇವೆ ಎಂದು ಬರೆಯಹೊರಟೆ, ಲೇಖನಿ ಅಲ್ಲೇ ನಿಂತಿತು. ನಿನ್ನ ತಾಯಿ ಇದ್ದಿದ್ದರೆ ಇಷ್ಟನ್ನೂ ನಾಲ್ಕು ಸಾಲಿನಲ್ಲಿ ಬರೆಸಿ ಮುಗಿಸುತ್ತಿದ್ದಳು. ಅವಳು ಹೋಗಿ ಆರು ವರ್ಷ, ನನ್ನ ಮಾತಿಗೆ ಲಗಾಮು ಹಿಡಿಯುವವರಿಲ್ಲ. ಸಾವಧಾನದಿಂದ ಓದು.

ವಿಷಯ ನೀನು ದಸರೆಗೆ ಕಳಿಸಿದ ಕೋಟಿನದು. ಅದರ ಅಂದಕ್ಕೆ ಕಂಟೋನ್ಮೆಂಟಿನ ದರ್ಜಿಯೂ ಬೆರಗಾದ. ದೊರೆಗಳ ಕೋಟಿನ ಭುಜ, ನಮ್ಮ ಅಂಗಿಯ ಹಾಗೆ ಪಕ್ಕಕ್ಕೆ ಕಟ್ಟುವ ಕಸೆ, ಹುಡುಕಿದರೂ ಒಂದು ಗುಂಡಿಯಿಲ್ಲ. ಹೊಲಿದ ಬಟ್ಟೆಯನ್ನು ಮಡಿಯಲ್ಲಿ ಮುಟ್ಟದ ಮನೆಯಲ್ಲಿ ಹುಟ್ಟಿ ನೀನು ಸೂಜಿ ಹಿಡಿದೆಯೆಂದು ಎರಡು ವಾರ ಮಾತು ಬಿಟ್ಟವನು ನಾನು. ಈಗ ನಿನ್ನ ಎರಡು ಹಟಗಳನ್ನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತೇನೆ. ಒಂದು, ಮ್ಯಾಂಚೆಸ್ಟರಿನ ಗಿರಣಿ ಬಟ್ಟೆಗೆ ನಿನ್ನ ಕತ್ತರಿ ತಾಕುವುದಿಲ್ಲ. ಇನ್ನೊಂದು, ನೇಯ್ದವರ ಹೆಸರನ್ನು ಕೊರಳಪಟ್ಟಿಯ ಒಳಗೆ ಕೆಂಪು ದಾರದಲ್ಲಿ ಬರೆಯದೆ ಯಾವ ಬಟ್ಟೆಯೂ ನಿನ್ನ ಕೈದಾಟಿ ಹೋಗುವುದಿಲ್ಲ. "ಯಾರ ಕೈ ನಮ್ಮ ಬೆನ್ನ ಮೇಲದ ಅಂತ ತೊಟ್ಟವರಿಗೆ ತಿಳೀಲಿ ಅಪ್ಪಾ" ಎಂದಿದ್ದೆ. ಇದಕ್ಕೆ ಕಾಲೇಜಿನಲ್ಲಿ ಒಂದು ಹೆಸರಿತ್ತು. ಮಾರಲ್ ಏನೋ. ಮೊದಲ ಪದವಷ್ಟೇ ಉಳಿದಿದೆ, ಎರಡನೆಯದು ಹೋಯಿತು.

ಆ ಹೆಸರುಗಳನ್ನು ಕೇಳಿ ಬರೆದು ಕಳಿಸುತ್ತಿದ್ದವನು ನಾನೇ ತಾನೆ? ಕುರುಗೋಡಿನ ನೇಕಾರರ ಬಟ್ಟೆಯನ್ನು ಮಾರೆಣ್ಣ ತಲೆಯ ಮೇಲೆ ಹೊತ್ತು ತರುತ್ತಿದ್ದ. ಇದನ್ನು ನೇಯ್ದವರು ಯಾರಪ್ಪ ಎಂದರೆ ತುಸು ಹೊತ್ತು ನೆಲ ನೋಡಿ ಒಂದು ಹೆಸರು ಹೇಳುತ್ತಿದ್ದ. ನನ್ನ ಕೋಟಿನಲ್ಲಿರುವುದು ಸುಂಕಣ್ಣನ ಹೆಸರು.

ಅದನ್ನು ತೊಟ್ಟು ಪೋಸ್ಟ್ ಆಫೀಸಿಗೆ ಹೋಗಿಬಂದ ಮೊದಲ ದಿನವೇ ಹಸಿವು ಹತ್ತಿತು. ನನ್ನ ಹಸಿವಿನಂಥದಲ್ಲ. ಇಂಡೈಜೆಷನ್ ಎಂದುಕೊಂಡು ಶುಂಠಿ ಕಷಾಯ ಕುಡಿದೆ. ಕೋಟು ಕಳಚಿ ಮಡಿಯುಟ್ಟು ಎಲೆಯ ಮುಂದೆ ಕೂತರೆ ಆ ಹಸಿವೂ ಬಂದು ಜೊತೆಗೇ ಕೂರುತ್ತಿತ್ತು. "ಲೇ ವಾಸೂ, ನಿನ್ನ ಹೊಟ್ಟ್ಯಾಗ ಬಾವಿ ಏನರೆ ತೋಡ್ಯಾರೇನೋ?" ಎಂದು ಪದ್ಮಕ್ಕ ನಕ್ಕಳು. ನಾಲ್ಕನೆಯ ದಿನ ಅವಳೇ ಎರಡು ಎಲೆ ಹಾಕಿ, ಎರಡಕ್ಕೂ ಬಡಿಸಿಬಿಟ್ಟಿದ್ದಳು. ಇನ್ನೊಂದು ಯಾರಿಗೆ ಎಂದು ಕೇಳಿದೆ. ಕೈಯಲ್ಲಿ ಸೌಟು ಹಿಡಿದುಕೊಂಡು ಆ ಎಲೆಯನ್ನೇ ನೋಡುತ್ತ ನಿಂತಳು. ಆಮೇಲೆ ನಗಲಿಲ್ಲ.

ಕಳೆದ ಶುಕ್ರವಾರ ಹಗಲು ಹನ್ನೆರಡಕ್ಕೆ ನನಗೆ ಎಚ್ಚರವಾದಾಗ, ಹೌದು, ಎಚ್ಚರವೆಂದೇ ಹೇಳಬೇಕು, ನಾನು ಹಿತ್ತಲಿನ ಒರಳಿನ ಬಳಿ ಕುಕ್ಕರಗಾಲಲ್ಲಿ ಕೂತಿದ್ದೆ. ಬಾಯಿ ತುಂಬ ಎಮ್ಮೆಗಿಟ್ಟ ತೌಡು. ಬಾಗಿಲಲ್ಲಿ ಪದ್ಮಕ್ಕ ಗೋಡೆ ಹಿಡಿದು ನಿಂತಿದ್ದಳು. "ವಾಸೂ, ಸಿರುಗುಪ್ಪಿ ಇನ್ನೂ ಎಷ್ಟು ದೂರ ಐತಿ ಅಂತ ಯಾಕ ಕೇಳಿದ್ಯೋ? ಅದು ನಿನ್ನ ದನಿ ಅಲ್ಲೋ" ಎಂದಳು. ನಾನು ಬಾಯಿ ತೆರೆದ ನೆನಪೇ ಇಲ್ಲ. ಬೇರೆ ಯಾರ ಮನೆಯಲ್ಲಾದರೂ ನಡೆದಿದ್ದರೆ ಇದನ್ನು ಸೂಪರ್‌ಸ್ಟಿಷನ್ ಎಂದು ತಳ್ಳಿಹಾಕುತ್ತಿದ್ದೆ.

ಕೋಟಿನ ಬಟ್ಟೆ ನೇಯ್ದವನನ್ನೇ ಕೇಳೋಣವೆಂದು ಸೋಮವಾರ ಬಂಡಿ ಕಟ್ಟಿಸಿಕೊಂಡು ಕುರುಗೋಡಿಗೆ ಹೋದೆ. ಸುಂಕಣ್ಣನನ್ನು ಕರೆ ಎಂದರೆ ಮಾರೆಣ್ಣ ಮಗ್ಗದ ಕುಣಿಯಿಂದ ಏಳಲೇ ಇಲ್ಲ. "ನಮ್ಮಣ್ಣರೀ ಸಾಮಿ. ಧಾತು ಬರದಾಗ ಹ್ವಾದ" ಎಂದ. ಹಾಗಾದರೆ ಉಳಿದ ಹೆಸರುಗಳು? "ಅವರೆಲ್ಲಾ ಅದೇ ಬರದಾಗ ಹ್ವಾದವರ್ರೀ. ಬದುಕಿದ್ದವರ ಹೆಸರನ್ನ ಇನ್ನೊಬ್ಬರ ಮೈಮ್ಯಾಲ ಹಾಕಾಕ ಯಾರು ಕೊಡ್ತಾರ್ರೀ? ಹೆಸರು ಹ್ವಾದ್ರ ನೇಯೋ ಕೈ ನಿಂತುಬಿಡ್ತೈತಿ ಅಂತ ನಮ್ಮ ಕೇರ್ಯಾಗ ಅಂಜಿಕಿ." ಹದಿನೆಂಟು ವರ್ಷದ ಕೆಳಗೆ, ಆ ಧಾತು ಸಂವತ್ಸರದಲ್ಲಿ, ಸುಂಕಣ್ಣ ಮಗ್ಗ ಬಿಟ್ಟು, ಸಿರುಗುಪ್ಪದಲ್ಲಿ ಗಂಜಿ ಹಾಕುತ್ತಾರೆಂದು ಕೇಳಿ ನಡೆದು ಹೊರಟನಂತೆ. ಗಂಜಿ ಒಲೆಯ ಹೊಗೆ ಕಾಣುವಷ್ಟು ಹತ್ತಿರ ಹೋಗಿ, ಒಂದೀಟು ಸುಧಾರಿಸಿಕೊಳ್ಳುತ್ತೇನೆಂದು ಕೂತವನು ಏಳಲಿಲ್ಲವಂತೆ. ಮಾರೆಣ್ಣ ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು. ಅವನು ಲಾಳಿ ಎಸೆಯುತ್ತಲೇ ಹೇಳಿದ: "ಸರಕಾರದವರು ಎಷ್ಟು ಮಂದಿ ಸತ್ರು ಅಂತ ಬರಕೊಂಡ್ರು, ಯಾರ್ಯಾರು ಅಂತ ಬರಕೊಳ್ಳಲಿಲ್ಲ. ನಿಮ್ಮ ಮಗಳು ಹೆಸರು ಬರೀತೀನಿ ಅಂದ್ರು. ಕೊಟ್ವಿ."

ಈಗ ನನ್ನ ದಿಗಿಲು ನಿನಗೆ ತಿಳಿದಿರಬೇಕು. ಈ ತಿಂಗಳ ಕೊನೆಗೆ ಮದರಾಸಿನ ಕಾಂಗ್ರೆಸ್ ಸಭೆಯಲ್ಲಿ ಹನ್ನೆರಡು ಜನ ಪ್ರತಿನಿಧಿಗಳು ನಿನ್ನ ಕೋಟು ತೊಟ್ಟು ಕೂರುತ್ತಾರೆ. ಹನ್ನೆರಡರಲ್ಲೂ ನಾನು ಬರೆದು ಕಳಿಸಿದ ಹೆಸರುಗಳಿವೆ. ಅಷ್ಟು ದೊಡ್ಡ ಮನುಷ್ಯರು ಮಂದಿಯ ಎದುರು ನನ್ನ ಹಾಗೆ ತೌಡಿಗೆ ಕೈಹಾಕಿದರೆ? ಮಾತಿನ ನಡುವೆ ಇನ್ನೊಬ್ಬರ ದನಿ ಎದ್ದರೆ? ಮಾಟ ಮಾಡಿದಳು ಎನ್ನುತ್ತಾರೆ. ಏಳು ವರ್ಷ ಕಣ್ಣು ಸವೆಸಿ ಕಟ್ಟಿದ ನಿನ್ನ ಕೆಲಸ ಒಂದು ಮಧ್ಯಾಹ್ನದಲ್ಲಿ ಮಣ್ಣಾಗುತ್ತದೆ. ಆಮೇಲೆ ಕುರುಗೋಡಿನ ಬಟ್ಟೆಯನ್ನು ಯಾರೂ ಮುಟ್ಟುವುದಿಲ್ಲ, ಆ ಮಗ್ಗಗಳೂ ನಿಲ್ಲುತ್ತವೆ. ಆದ್ದರಿಂದ ಈ ಕಾಗದ ಕೈಸೇರಿದ ಕೂಡಲೇ ಕೆಂಪು ದಾರವನ್ನೆಲ್ಲ ಬಿಚ್ಚಿ ತೆಗೆ. ತಂದೆಯ ಮಾತೆಂದು ತಿಳಿ.

ಅಳಿಯಂದಿರಿಗೆ ನನ್ನ ನಮಸ್ಕಾರ. ಪದ್ಮಕ್ಕ ನಿನ್ನ ಹಣೆ ಮುಟ್ಟಿದ್ದೇನೆಂದು ಬರೆ ಎಂದಳು. ನಿನ್ನ ಮನೆಯ ಒಲೆ ತಣ್ಣಗಾಗದೆ ಇರಲಿ.

ನಿನ್ನ ಹಿತವನ್ನೇ ನೆನೆಯುವ ತಂದೆ,
ವಾಸುದೇವರಾಯ

ತಾ.ಕ.: ಟಪಾಲು ಕಟ್ಟುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನಗೆ ಹೇಳಿದ್ದನ್ನು ಮೊದಲು ನಾನೇ ಮಾಡೋಣವೆಂದು ಕೋಟನ್ನು ತೊಡೆಯ ಮೇಲಿಟ್ಟು ಸುಂಕಣ್ಣನ ಹೆಸರು ಬಿಚ್ಚಲು ಕೂತೆ. ಮೊದಲ ಅಕ್ಷರ ಬಿಚ್ಚಿತು. ಪಕ್ಕದ ಚಾಪೆ ಸರಕ್ಕೆಂದಿತು. ಯಾರೋ ಎದ್ದರು. ಎದ್ದವರು ಹೋಗಲಿಲ್ಲ. ಎಲ್ಲಿಗೆ ಹೋಗಬೇಕೆಂದು ತಿಳಿಯದವರ ಹಾಗೆ ನಿಂತೇ ಇದ್ದರು. ಅಂಬುಜಾ, ನನಗೆ ತಡೆಯಲಾಗಲಿಲ್ಲ. ಅದೇ ದಾರದಿಂದ ಅಕ್ಷರವನ್ನು ಮತ್ತೆ ಹೊಲಿದೆ, ಸೊಟ್ಟಗಾಗಿದೆ. ಈಗ ಕೋಟು ತೊಟ್ಟೇ ಬರೆಯುತ್ತಿದ್ದೇನೆ, ಹಸಿವೂ ಜೊತೆಗೇ ಕೂತಿದೆ. ಮೇಲೆ ಬರೆದದ್ದನ್ನು ಮರೆತುಬಿಡು, ಒಂದು ಎಳೆಯನ್ನೂ ಬಿಚ್ಚಬೇಡ. ಹನ್ನೆರಡು ಜನರೂ ತೊಡಲಿ. ಅವರ ಭಾಷಣವನ್ನು ಮಾತ್ರ ಊಟಕ್ಕೆ ಮೊದಲು ಇಡಿಸು, ಆ ಹಸಿವಿನಲ್ಲೇ ಮಾತಾಡಲಿ.