ಇಪ್ಪತ್ತು ದಿನ, ಒಂದೇ ಮೆಟ್ಟಿಲು

ವಸತಿ ಸಮೀಕ್ಷಾ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ನಾನು ಕಳಿಸಿದ ಇಪ್ಪತ್ತೊಂದು ಫೋಟೋಗಳಲ್ಲಿ ಇಪ್ಪತ್ತನ್ನು ನೀವು ಅಳಿಸಿಹಾಕಿದ್ದೀರಿ. ಕಾರಣ, ನಿಮ್ಮ ವರದಿಯ ಭಾಷೆಯಲ್ಲೇ, 'ಪುನರಾವರ್ತನೆ'. ಅಲ್ಲ ಸ್ವಾಮಿ, ಮುರಿದ ಮೆಟ್ಟಿಲು ದಿನಕ್ಕೊಂದು ಭಂಗಿಯಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತದೆಯೇ?

ಮರೆತಿದ್ದರೆ ನೆನಪಿಸುತ್ತೇನೆ. ನಮ್ಮ ಕಟ್ಟಡದ ಪಾಡು ತಿಳಿಯಲೆಂದು ನಿಮ್ಮ ಸಹಾಯಕರು ಮನೆಗೊಂದು ಫೋನ್ ಕೊಟ್ಟರು. "ದಿನಕ್ಕೊಂದು ಫೋಟೋ ತೆಗೀರಿ, ಅದರ ಬಗ್ಗೆ ಎರಡು ಮಾತು ರೆಕಾರ್ಡ್ ಮಾಡಿ. ನಿಮ್ಮ ಬದುಕನ್ನ ನಿಮ್ಮ ಕಣ್ಣಿಂದಲೇ ನೋಡ್ಬೇಕು ನಾವು," ಅಂದರು. ನಾನು ಬಟ್ಟೆ ಹೊಲಿಯುವವಳು, ಹೇಳಿದ ಅಳತೆ ತಪ್ಪಿದವಳಲ್ಲ. ಎರಡನೇ ಮಹಡಿಯಲ್ಲಿ ನಮ್ಮ ಬಾಗಿಲೆದುರೇ ಇರುವ ಆ ಮೆಟ್ಟಿಲನ್ನು ದಿನಾ ತೆಗೆದೆ, "ಇವತ್ತೂ ಹಾಗೇ ಇದೆ" ಅಂತ ದಿನಾ ಹೇಳಿದೆ. ನನ್ನ ಅತ್ತೆ ಬಿದ್ದು ಸೊಂಟ ಮುರಿದುಕೊಂಡದ್ದು ಅಲ್ಲೇ. ಈಗ ಕೋಲೂರಿ ಬಾಗಿಲವರೆಗೆ ಬರುತ್ತಾರೆ, ಕೆಳಗಿಳಿದು ಐದು ತಿಂಗಳಾಯಿತು. ಇಷ್ಟಕ್ಕೆ ನಿಮ್ಮ ವರದಿ ನನ್ನನ್ನು 'ನಿರಾಸಕ್ತ ಪಾಲುದಾರೆ' ಎಂದಿದೆ. ಇರಲಿ ಬಿಡಿ, ಅದಕ್ಕಿಂತ ಖಾರದ ಬಿರುದುಗಳನ್ನು ಅತ್ತೆಯಿಂದಲೇ ಪಡೆದವಳು ನಾನು.

ಉಳಿಸಿಕೊಂಡ ಆ ಒಂದು ಫೋಟೋಗೆ ಬರೋಣ. ವರದಿಯ ಮುಖಪುಟದಲ್ಲಿ ಅತ್ತೆ ಬೊಚ್ಚುಬಾಯಿ ತೆರೆದು ನಗುತ್ತಿದ್ದಾರೆ, ಅಡಿಯಲ್ಲಿ 'ಸಂತೃಪ್ತ ಹಿರಿಯ ನಿವಾಸಿ' ಎಂಬ ಬರಹ. ಅವರು ನಕ್ಕದ್ದು ಯಾಕೆ ಗೊತ್ತೇ? ಕೊನೆಯ ದಿನ ನಾನು ಮೆಟ್ಟಿಲ ಕಡೆ ಫೋನ್ ಹಿಡಿದು ನಿಂತಿದ್ದೆ. ಅದನ್ನು ವಾಪಸ್ ಒಯ್ಯಲು ನಿಮ್ಮ ಸಹಾಯಕರು ಹತ್ತಿ ಬಂದರು. "ನೋಡ್ಕೊಂಡು ಬನ್ನಿ ಸಾರ್," ಅಂದೆ. "ನಾವು ನೋಡದ ಮೆಟ್ಟಿಲೇನಮ್ಮಾ," ಅನ್ನುತ್ತಲೇ ಅದೇ ಮೆಟ್ಟಿಲಲ್ಲಿ ಕಾಲು ಜಾರಿ ದೊಪ್ಪನೆ ಕೂತರು. ನನ್ನ ಬೆರಳು ಒತ್ತಿಬಿಟ್ಟಿತು. ಎಡಗಡೆ ಬಾಗಿಲಲ್ಲಿ ಅತ್ತೆ, ಬಲಗಡೆ ನೆಲ ಹಿಡಿದ ಸಹಾಯಕರು. ನೀವು ಬಲಗಡೆಯನ್ನು ನೀಟಾಗಿ ಕತ್ತರಿಸಿದ್ದೀರಿ. ಕತ್ತರಿ ಕೆಲಸ ಬಲ್ಲವಳಾಗಿ ಮೆಚ್ಚಿದೆ.

ಆದರೆ ಆ ನಗುವನ್ನೇ ಸಾಕ್ಷಿ ಮಾಡಿ ನಮ್ಮ ಕಟ್ಟಡವನ್ನು ದುರಸ್ತಿ ಪಟ್ಟಿಯಿಂದ ತೆಗೆದುಹಾಕಿದ್ದೀರಲ್ಲ, ಅದಕ್ಕೆ ಮೈಯೆಲ್ಲ ಉರಿಯುತ್ತದೆ. ಒಂದೋ ಈ ತಿಂಗಳೊಳಗೆ ಮೆಟ್ಟಿಲು ಕಟ್ಟಿಸಿ, ಇಲ್ಲವೇ ಬಲಗಡೆಯನ್ನೂ ಸೇರಿಸಿ ಮುಖಪುಟವನ್ನು ಮತ್ತೆ ಅಚ್ಚು ಹಾಕಿಸಿ.

ಇದನ್ನು ಅತ್ತೆಗೆ ಓದಿ ಹೇಳಿದೆ. ಈ ಸಲ ಅವರು ನಗಲಿಲ್ಲ. "ಅಚ್ಚುಗಿಚ್ಚು ಬೇಡ ಕಣೇ. ಮೆಟ್ಟಿಲು ಮಾಡ್ಕೊಡಿ ಅಂತ ಬರಿ. ಒಂದ್ಸಲ ಬೀದಿಗಿಳಿದು ಯಾರ ಹತ್ರನಾದ್ರೂ ಮಾತಾಡ್ಬೇಕು ನಂಗೆ," ಅಂದರು.

ಇಂತಿ,
ಫೋಟೋಗಳ ಒಂದು ಪ್ರತಿಯನ್ನೂ ಇಟ್ಟುಕೊಳ್ಳದೆ ಆ ಫೋನನ್ನು ಹಿಂದಿರುಗಿಸಿದ ದಡ್ಡಿ,
ಎರಡನೇ ಮಹಡಿಯ ಹೊಲಿಗೆಯವಳು