ಹಾರಿಸದ ಕೋವಿಗೆ ತಿಂಗಳಿಗೊಮ್ಮೆ ಮದ್ದು

ಮೇಷ್ಟ್ರ ಮನೆಯವರಿಗೆ,

‘ಪ್ರೀತಿಯ’ ಎಂದು ಶುರು ಮಾಡಿದರೆ ಸುಳ್ಳಾಗುತ್ತದೆ. ‘ಮಾನ್ಯರೇ’ ಎಂದರೆ ನೀರಿನ ಬಿಲ್ಲಿಗೆ ತಕರಾರು ಬರೆದ ಹಾಗಾಗುತ್ತದೆ. ಆದ್ದರಿಂದ ಅಷ್ಟಕ್ಕೇ ಬಿಟ್ಟಿದ್ದೇನೆ. ನಾನು ಬೀಗ ರಿಪೇರಿಯವರ ಹೆಂಡತಿ. ಹೋದ ತಿಂಗಳು ನೀವು ನನ್ನ ಗಂಡನ ಹೆಸರಿಗೆ ಬರೆದ ಪತ್ರವನ್ನು ಒಡೆದವಳು ನಾನು. ಅದು ಅವರ ಕೈ ಸೇರುವಷ್ಟರಲ್ಲಿ ನೀವು ಊರು ಬಿಟ್ಟು ಎರಡು ದಿನವಾಗಿತ್ತು. ಹೇಗಾಯಿತು, ಯಾಕಾಯಿತು ಎಂದು ಹೇಳುವುದು ನನ್ನ ಕರ್ತವ್ಯ. ಆದರೆ ಮೊದಲು ನನ್ನ ಹೊಟ್ಟೆಕಿಚ್ಚಿನ ಕತೆಯನ್ನು ನೀವು ಕೇಳಲೇಬೇಕು.

ನಿಮ್ಮ ಯಜಮಾನರು ತೀರಿಕೊಂಡು ಆರು ವರ್ಷವಾಯಿತು. ಅವರ ಕೋವಿ ನಿಮ್ಮ ಹೆಸರಿಗೆ ಬಂತು. ಈ ಆರು ವರ್ಷವೂ ತಿಂಗಳ ಮೊದಲ ಶನಿವಾರ ನನ್ನವರು ಹಿತ್ತಲಿನಲ್ಲಿ ಕೂತು ಕೋವಿ ತೊಳೆಯುವ ದ್ರವ ಬೆರೆಸುತ್ತಿದ್ದರು. ಅಂಗಡಿಯಲ್ಲಿ ಸಿಗುವುದು ಅವರಿಗೆ ಆಗಿಬರುವುದಿಲ್ಲ. ಸೀಮೆಎಣ್ಣೆ, ಬಣ್ಣದವರು ಬಳಸುವ ಟರ್ಪೆಂಟೈನ್, ಗಾಡಿಯ ಗೇರಿಗೆ ಹಾಕುವ ಕೆಂಪೆಣ್ಣೆ. ಒಲೆ ಆರಿಸಿದ್ದೇನೋ ಇಲ್ಲವೋ ಎಂದು ನನ್ನನ್ನು ಎರಡು ಸಲ ಕೇಳಿ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿ, ಆಮೇಲೆ ಬಾಟಲಿಯ ಮುಚ್ಚಳ ತೆಗೆಯುತ್ತಿದ್ದರು. ಬೆರೆಸಿ, ಬೆಳಕಿಗೆ ಹಿಡಿದು, ಎಲ್ಲ ಕಡೆ ಒಂದೇ ಬಣ್ಣ ಬಂತೆಂದು ಖಾತ್ರಿಯಾದ ಮೇಲೇ ಮುಚ್ಚುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು ‘ಮದ್ದು’.

ಆ ಮಾತು ಕೇಳಿದಾಗಲೆಲ್ಲ ನನಗೆ ಉರಿಯುತ್ತಿತ್ತು. ಗಂಡಸು ಒಂದೇ ಮನೆಗೆ ಒಂದೇ ಸಮನೆ ಹೋಗುತ್ತಿದ್ದರೆ ‘ಯಾರೋ ಮದ್ದು ಹಾಕಿದ್ದಾರೆ’ ಎನ್ನುತ್ತಾರಲ್ಲ. ನನ್ನವರು ಮದ್ದನ್ನು ತಾವೇ ಬೆರೆಸಿಕೊಂಡು, ಬಾಟಲಿಗೆ ಹಾಕಿಕೊಂಡು ಮರುದಿನ ಭಾನುವಾರ ನಿಮ್ಮ ಮನೆಗೆ ಹೋಗುತ್ತಿದ್ದರು!

ಮದ್ದಿನಲ್ಲಿ ಅದ್ದಿ ಕೋವಿಯ ನಳಿಗೆಯೊಳಗೆ ತೂರಿಸಲು ಮೆತ್ತನೆಯ ಹತ್ತಿ ಬಟ್ಟೆ ಬೇಕು. ನಾನು ದರ್ಜಿ, ಚೂರು ಬಟ್ಟೆಗೆ ನನ್ನ ಮನೆಯಲ್ಲಿ ಬರವಿಲ್ಲ. ಆದರೂ ಒಂದು ಸಲ ಅವರು ಕತ್ತರಿಸುತ್ತಿದ್ದುದು ಮದುವೆಯಾದ ಹೊಸತರಲ್ಲಿ ನಾನು ಹೊಲಿದಿದ್ದ ದಿಂಬಿನ ಗೌಸು. “ಇದು ಚೆನ್ನಾಗಿ ಹೀರುತ್ತೆ ಕಣೇ” ಎಂದರು. ಹೀರುವುದೇನೋ ಸರಿ. ಇಬ್ಬರ ತಲೆ ಇಟ್ಟಿದ್ದ ಬಟ್ಟೆ ಹೆಬ್ಬೆರಳಗಲದ ಚೂರುಗಳಾಗಿ ನಿಮ್ಮ ಮನೆಯ ಕೋವಿಯೊಳಗೆ ಹೋಯಿತು.

ಹಿಂದಿರುಗಿದಾಗ ಅಂಗಿಯ ತೋಳಿನಲ್ಲಿ ಮದ್ದಿನ ವಾಸನೆ, ಮುಖದಲ್ಲಿ ಎಣ್ಣೆ ಬಿಟ್ಟ ಬೀಗದಂಥ ಸಲೀಸು. “ಶುಂಠಿ ಹಾಕಿ ಟೀ ಮಾಡಿದ್ರು, ಚೆನ್ನಾಗಿತ್ತು” ಎಂದರು ಒಮ್ಮೆ. ಮರುದಿನ ನಾನೂ ಶುಂಠಿ ಜಜ್ಜಿ ಹಾಕಿದೆ. ಒಂದು ಗುಟುಕು ಕುಡಿದು, “ಯಾಕೆ, ಗಂಟಲು ಕೆಟ್ಟಿದೆಯಾ?” ಎಂದರು. ಆ ಲೋಟವನ್ನು ತಲೆಯ ಮೇಲೆ ಸುರಿಯದೆ ಬಿಟ್ಟದ್ದು ನನ್ನ ದೊಡ್ಡಗುಣ.

ಒಂದು ದಿನ ಕೋವಿ ಅಂಗಡಿಯವರ ಹೆಂಡತಿಯ ಬಟ್ಟೆಯ ಅಳತೆ ತೆಗೆಯಲು ಹೋದಾಗ, ಅಂಗಡಿಯವರನ್ನೇ ಕೇಳಿದೆ: “ಹಾರಿಸದೆ ಸುಮ್ಮನೆ ಇಟ್ಟ ಕೋವಿಯನ್ನು ಎಷ್ಟು ಸಲ ತೊಳೆದು ಒರೆಸಬೇಕು?” “ವರ್ಷಕ್ಕೆ ಎರಡು ಸಲ ಮಾಡಿದ್ರೆ ಧಾರಾಳ ಆಯ್ತಮ್ಮ” ಎಂದರು. ಎರಡು! ಉಳಿದ ಹತ್ತು ಸಲ ಯಾರಿಗಾಗಿ ಹೋಗುತ್ತಾರೆ ಎಂದು ನಾನು ಕೇಳಿಕೊಳ್ಳುವುದರಲ್ಲಿ ತಪ್ಪೇನಿದೆ, ನೀವೇ ಹೇಳಿ.

ಮುಂದಿನ ತಿಂಗಳು ಅವರ ಹಿಂದೆಯೇ ಬಂದೆ. ನಿಮ್ಮ ಎದುರುಮನೆಯ ಗೋಡೆಗೆ ಒರಗಿ, ಚಪ್ಪಲಿಯ ಕಿತ್ತ ಬಾರನ್ನು ಸರಿಮಾಡುವವಳಂತೆ ನಿಂತೆ. ಕಿಟಕಿ ತೆರೆದಿತ್ತು. ಮೇಜಿನ ಮೇಲೆ ಹಳೆಯ ಪೇಪರು, ಅದರ ಮೇಲೆ ಬಿಚ್ಚಿಟ್ಟ ಕೋವಿ, ಎದುರಿಗೆ ನೀವು ಗಲ್ಲಕ್ಕೆ ಕೈಕೊಟ್ಟು ಕೂತಿದ್ದಿರಿ. ನಾನು ಅಂದುಕೊಂಡ ಹಾಗೇನೂ ಇರಲಿಲ್ಲ. ಕೈ ಹಿಡಿದಿರಲಿಲ್ಲ, ಹತ್ತಿರ ಕೂತಿರಲಿಲ್ಲ. ಆದರೆ ಅವರು ಮಾತಾಡುತ್ತಿದ್ದರು. ನಳಿಗೆಗೆ ಬಟ್ಟೆ ತೂರಿಸುವ ಸಲಾಕೆಯನ್ನು ಕೆಳಗಿಟ್ಟು, ಎರಡೂ ಕೈ ಗಾಳಿಯಲ್ಲಿ ಆಡಿಸುತ್ತ, ನಗುತ್ತ, ಎದ್ದು ನಿಂತು ಯಾರದೋ ನಡಿಗೆಯ ಅಣಕ ಮಾಡುತ್ತ! ಮನೆಯಲ್ಲಿ ‘ಹೂಂ’ ‘ಸಾಕು’ ‘ಉಪ್ಪು’ ಎಂಬ ಮೂರು ಮಾತಿನಲ್ಲಿ ದಿನ ಕಳೆಯುವ ಮನುಷ್ಯ. ಕೈ ಹಿಡಿದಿದ್ದರೆ ನಾನು ಒಳಗೆ ನುಗ್ಗಿ ರಂಪ ಮಾಡಬಹುದಿತ್ತು. ಮಾತಾಡುವುದಕ್ಕೆ ಯಾವ ರಂಪ ಮಾಡಲಿ? ಸುಮ್ಮನೆ ವಾಪಸ್ ಬಂದೆ.

ಆಮೇಲೆ ನಿಮ್ಮ ಪತ್ರ ಬಂತು, ಒಂದು ಸೋಮವಾರ. ಅವರು ಅಂಗಡಿಯಲ್ಲಿದ್ದರು. ಅವರು ಫೋನ್ ಎತ್ತುವ ಜಾತಿಯಲ್ಲ ಎಂದು ನಿಮಗೂ ಗೊತ್ತಲ್ಲ, ಅದಕ್ಕೇ ಬರೆದಿರಿ. ನಿಮ್ಮ ದುಂಡಗಿನ ಅಕ್ಷರ ನೋಡಿದ ಕೂಡಲೇ ಕತ್ತರಿ ಕೈಗೆ ಬಂತು. ನೀವು ಬರೆದಿದ್ದಿರಿ: “ಇಪ್ಪತ್ತು ವರ್ಷ ನನ್ನ ಗಂಡನ ಭಾನುವಾರಗಳೆಲ್ಲ ನಿಮ್ಮ ಜೊತೆ ರೈಫಲ್ ಕ್ಲಬ್ಬಿನಲ್ಲಿ ಕಳೆದವು. ನಿಮ್ಮನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಅವರು ಹೋದ ಮೇಲೆ ನೀವು ಆ ಭಾನುವಾರಗಳನ್ನು ಒಂದೊಂದಾಗಿ ನನಗೆ ಹೇಳಿದಿರಿ. ಹೋದ ಸಲ ಮೊದಲೇ ಹೇಳಿದ್ದನ್ನು ಮತ್ತೆ ಹೇಳಿದಿರಿ. ಕತೆಗಳು ಮುಗಿದವು ಎಂದು ತಿಳಿಯಿತು. ಶುಕ್ರವಾರ ಮಗಳ ಮನೆಗೆ ಹೊರಡುತ್ತಿದ್ದೇನೆ. ಅದಕ್ಕೆ ಮುಂಚೆ ಒಮ್ಮೆ ಬಂದು ಹೋಗಿ.” ಕೆಳಗೆ ಮಗಳ ಮನೆಯ ವಿಳಾಸ.

‘ಹೊಟ್ಟೆ ಉರಿ’ ನನ್ನ ಸ್ವಂತ ಆಸ್ತಿ ಎಂದುಕೊಂಡಿದ್ದೆ. ಅದೂ ನನಗಿಂತ ಮೊದಲು ನಿಮ್ಮ ಹತ್ತಿರವಿತ್ತು ಎಂದು ತಿಳಿದು ಇನ್ನೂ ಉರಿಯಿತು. ಪತ್ರವನ್ನು ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಗುಂಡಿಗಳ ಡಬ್ಬಿಯ ಕೆಳಗೆ ಇಟ್ಟೆ. ಮಂಗಳವಾರ ಕೊಡೋಣ ಎಂದುಕೊಂಡೆ. ಬುಧವಾರವೂ ಹಾಗೇ ಅಂದುಕೊಂಡೆ. ಶುಕ್ರವಾರ ಕಳೆದಾಗ, ನಾಚಿಕೆ ಬಿಟ್ಟು ಹೇಳುತ್ತೇನೆ, ಹಾಯೆನಿಸಿತು.

ಶನಿವಾರ ಅವರು ಎಂದಿನಂತೆ ಹಿತ್ತಲಿಗೆ ಹೋಗಿ ಬಾಟಲಿ ತೆಗೆದರು. “ಒಂದು ಬಟ್ಟೆ ಕೊಡೇ” ಎಂದರು. ಆಗಲಾದರೂ ಹೇಳಬಹುದಿತ್ತು. ಒಳ್ಳೆಯ ಬಿಳಿ ಹತ್ತಿ ಬಟ್ಟೆಯನ್ನು ನಾನೇ ಚೌಕಚೌಕವಾಗಿ ಕತ್ತರಿಸಿ ಕೊಟ್ಟೆ. ಇಷ್ಟು ವರ್ಷಗಳಲ್ಲಿ ಅದೇ ಮೊದಲು. ಅವರು ಖುಷಿಯಾಗಿ ನನ್ನ ಮುಖ ನೋಡಿದರು. ಆ ನೋಟಕ್ಕೆ ನಾನು ಯೋಗ್ಯಳಾಗಿರಲಿಲ್ಲ.

ಭಾನುವಾರ ಹೋದವರು ಮಧ್ಯಾಹ್ನ ದಾಟಿದ ಮೇಲೆ ಬಂದರು. ಬಾಟಲಿ ತುಂಬಿದ್ದದ್ದು ತುಂಬಿದ ಹಾಗೇ ಇತ್ತು. “ಬೀಗ ಹಾಕಿದೆ” ಎಂದರು. ಬಾಟಲಿಯನ್ನು ಕೆಳಗಿಟ್ಟು, “ಹೊಸ ಬೀಗ. ನಾನು ಹಾಕಿಕೊಟ್ಟದ್ದಲ್ಲ” ಎಂದರು. ಚಪ್ಪಲಿ ಬಿಡದೆ ಬಾಗಿಲಲ್ಲೇ ಕೂತು, “ನಾನೇನಾದ್ರೂ ತಪ್ಪು ಮಾತಾಡಿದ್ನಾ ಅವರ ಹತ್ರ? ನಿನಗೇನಾದ್ರೂ ಗೊತ್ತಾ?” ಎಂದು ಕೇಳಿದರು.

ಪತ್ರ ತಂದುಕೊಟ್ಟೆ. ಒಡೆದ ಅಂಚು ಮುಟ್ಟಿ ನೋಡಿದರು, ಓದಿದರು, ಮಡಿಸಿದರು. ಬೈಯಲಿಲ್ಲ. ಬೈಯಲಿ ಎಂದು ಕಾದು ಕಾದು ನಾನೇ ಕಿರುಚಿದೆ: “ನನ್ನ ಹತ್ರ ಮೂರು ಮಾತಾಡದವರು ಅಲ್ಲಿ ಹೋಗಿ ನಾಟಕ ಆಡ್ತೀರಲ್ಲ, ನನಗೆ ಹೇಗಾಗ್ಬೇಕು?”

“ಮೇಷ್ಟ್ರ ಹೆಸರು ಈ ಮನೇಲಿ ಎತ್ತಬೇಡಿ ಅಂದಿದ್ದು ನೀನೇ ಅಲ್ವಾ?” ಎಂದರು.

ಅಂದಿದ್ದೆ. ನನ್ನಪ್ಪ ಆಸ್ಪತ್ರೆಯಲ್ಲಿ ಉಸಿರುಬಿಟ್ಟ ಭಾನುವಾರ ಇವರು ನಿಮ್ಮವರ ಜೊತೆ ಕ್ಲಬ್ಬಿನಲ್ಲಿದ್ದರು. ಹದಿನೈದು ವರ್ಷದ ಹಿಂದಿನ ಮಾತು. ನಾನು ಸಿಟ್ಟಿನಲ್ಲಿ ಆಡಿ ಮರೆತಿದ್ದೆ. ಅವರು ಬೀಗದ ಕೆಲಸದವರು, ಹಾಕಿದ ಬೀಗ ಹಾಕಿದ ಹಾಗೇ ಇಟ್ಟಿದ್ದರು. ಇದ್ದೊಬ್ಬ ಗೆಳೆಯ ಸತ್ತಾಗಲೂ ನನ್ನೆದುರು ಅಳಲಿಲ್ಲ. ಅಂಥವರು ಮಾತಾಡಲು ಇನ್ನೆಲ್ಲಿಗೆ ಹೋಗಬೇಕಿತ್ತು?

ಮೂರು ದಿನ ಮನೆಯಲ್ಲಿ ಮೂರು ಮಾತೂ ಇರಲಿಲ್ಲ. ಮದ್ದನ್ನು ಅಂಗಡಿಗೆ ಒಯ್ದು ತುಕ್ಕು ಹಿಡಿದ ಕೀಲುಗಳಿಗೆ ಬಳಸಿಬಿಟ್ಟರು. ಗುರುವಾರ ಊಟಕ್ಕೆ ಕೂತಾಗ ನಾನೇ ಕೇಳಿದೆ: “ಮೇಷ್ಟ್ರು ಹೇಗೆ ನಡೀತಿದ್ರು?” ಅವರು ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು. ಆಮೇಲೆ ನಿಧಾನವಾಗಿ ಕತೆ ಶುರುವಾಯಿತು. ನಿಮ್ಮವರು ಒಮ್ಮೆ ಐದೂ ಗುಂಡನ್ನು ಪಕ್ಕದವನ ಗುರಿಹಲಗೆಗೆ ಹೊಡೆದು, ಅವನಿಗೆ ಬಹುಮಾನ ಬಂದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು. ನಾನು ನಕ್ಕೆ. ನಗುತ್ತಿರುವಾಗಲೇ, ಇದನ್ನು ನನಗಿಂತ ಮೊದಲು ನೀವು ಕೇಳಿ ನಕ್ಕಿದ್ದೀರಿ ಎಂದು ನೆನಪಾಗಿ ಚುರುಕ್ಕೆಂದಿತು. ಹುಟ್ಟುಗುಣ, ಏನು ಮಾಡಲಿ.

ನಿನ್ನೆ ಕೋವಿ ಅಂಗಡಿಗೆ ಹೋಗಿದ್ದೆ. ಹೊರಡುವ ಮುಂಚೆ ನೀವು ಮಾರಾಟಕ್ಕೆ ಇಟ್ಟು ಹೋದ ಕೋವಿ ಅಲ್ಲೇ ಇದೆ, ನಿಮ್ಮ ಹೆಸರಿನ ಚೀಟಿಯ ಸಮೇತ. ಅದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಮೊದಲ ಸಲ. ನಳಿಗೆಯಲ್ಲಿ ನನ್ನ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ನೀವು ಸಹಿ ಮಾಡಿದರೆ ನನ್ನವರ ಹೆಸರಿಗೆ ಪರವಾನಗಿ ಕೇಳಬಹುದಂತೆ. ಕಾಗದ ಇದರೊಳಗಿದೆ. ಸವತಿಯನ್ನು ನಾನೇ ಮನೆಗೆ ಕರೆತರುತ್ತಿದ್ದೇನೆ ಎಂದು ನೀವು ನಗಬಹುದು. ನಗಿ. ನನ್ನ ಕಣ್ಣೆದುರಿಗಾದರೂ ಇರುತ್ತದೆ.

ಕ್ಷಮೆ ಕೇಳಬೇಕು, ಕೇಳುತ್ತೇನೆ: ನಿಮ್ಮಿಬ್ಬರ ಕೊನೆಯ ಭೇಟಿಯನ್ನು ನಾನು ಕದ್ದೆ. ಅದು ಮತ್ತೆ ಸಿಗುವುದಿಲ್ಲ. ಆದರೆ ಒಂದು ಪತ್ರವನ್ನಾದರೂ ಅವರಿಗೆ ಬರೆಯಿರಿ. ಅವರದು ಏನೂ ತಪ್ಪಿಲ್ಲ ಎಂದು ನೀವು ಹೇಳಿದರೆ ಮಾತ್ರ ನಂಬುತ್ತಾರೆ. ನಾನು ಹೇಳಿದರೆ ‘ಹೂಂ’ ಎನ್ನುತ್ತಾರೆ. ಅವರ ಹೆಸರಿಗೇ ಬರೆಯಿರಿ, ಅಂಟು ಗಟ್ಟಿಯಾಗಿ ಹಾಕಿ. ಒಡೆದು ನೋಡಲು ಕೈ ತುರಿಸುತ್ತದೆ. ಆದರೂ ಅವರು ಮನೆಗೆ ಬರುವವರೆಗೆ ಮೇಜಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟಿರುತ್ತೇನೆ.

ಮಗಳ ಮನೆಯಲ್ಲಿ ನಿಮ್ಮ ಮಾತು ಕೇಳುವವರು ಸಿಗಲಿ, ಮೈ ಚೆನ್ನಾಗಿರಲಿ.

ಇಂತಿ,
ನಿಮ್ಮ ಎದುರುಮನೆಯ ಗೋಡೆಗೆ ಒರಗಿ ನಿಂತಿದ್ದವಳು